ದನಕ್ಕೆ ಹಾಕದ ಹುಲ್ಲು

"ದನಕ್ಕೆ ಹಾಕೋದಿಲ್ಲ ಅಂದ್ರೆ ಮತ್ತೆ ಯಾಕಕ್ಕ ಹುಲ್ಲು ಬೆಳೆಸ್ತೀರಿ?"

ಕೇಳಿದ್ದು ತೋಟದ ಕೆಲಸದವರಿಗೆ ಕಟ್ಟಿಸಿದ ನಮ್ಮ ಲೈನ್‌ಮನೆಯಲ್ಲಿರುವ ಹೆಂಗಸು. ಫೆಬ್ರವರಿ ಕೊನೆಯ ವಾರ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ತೋಟದ ಬದಿಯ ಹುಲ್ಲೆಲ್ಲ ಒಣಗಿ ಕಡ್ಡಿಯಾಗಿತ್ತು. ನಾನು ಅಂಗಳದ ಲಾನ್ ಕತ್ತರಿಸಿ, ಎರಡು ಬುಟ್ಟಿ ಹಸಿ ಹುಲ್ಲನ್ನು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದೆ. ಅವಳ ಮನೆಯಲ್ಲಿ ಗಬ್ಬದ ಹಸು ಇದೆ. ಗೋಣಿಚೀಲ ಹಿಡಿದುಕೊಂಡೇ ಬಂದಿದ್ದಳು. "ಕೊಡೋಕಾಗಲ್ಲ, ಇದು ದನಕ್ಕೆ ಒಳ್ಳೇದಲ್ಲ" ಅಂದೆ. ಅವಳು ಬುಟ್ಟಿಯಿಂದ ಒಂದು ಹಿಡಿ ಎತ್ತಿ ಮೂಸಿ ನೋಡಿದಳು. ಹುಲ್ಲಿನ ವಾಸನೆಯೇ, ಹುಲ್ಲಿನ ಬಣ್ಣವೇ. ನಾನು ಜಿಪುಣಿ ಅಂತ ತೀರ್ಮಾನ ಆಗಿರಬೇಕು. ಪ್ರಶ್ನೆ ಕೇಳಿ, ಚೀಲ ಮಡಚಿಕೊಂಡು ಹೋದಳು.

ಅದಕ್ಕೆ ಉತ್ತರ ಆಮೇಲೆ ಹೇಳುತ್ತೇನೆ. ಫೆಸ್ಕ್ಯೂ ಅನ್ನುವ ಈ ಹುಲ್ಲು ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ಅಂಗಳಕ್ಕೆ ಬಂದ ಕತೆಯೇ ಸ್ವಲ್ಪ ಉದ್ದ ಇದೆ.

ನನ್ನ ತಮ್ಮ ಇರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಎಂಬ ಊರಿನ ಬಳಿ. ಒಮ್ಮೆ ನವೆಂಬರ್ ಕೊನೆಗೆ ಹೋಗಿ ಒಂದು ತಿಂಗಳು ಅಲ್ಲಿದ್ದೆ. ಮರಗಳೆಲ್ಲ ಬೋಳು. ಎದುರು ಮನೆಯ ಅಂಗಳ ಒಣಗಿ ಹಳೇ ಚಾಪೆಯ ಬಣ್ಣಕ್ಕೆ ಬಂದಿತ್ತು. ತಮ್ಮನ ಅಂಗಳ ಮಾತ್ರ ನಾಟಿ ಆಗಿ ತಿಂಗಳಾದ ಗದ್ದೆಯ ಹಾಗೆ ಹಸಿರು. ಬೆಳಿಗ್ಗೆ ಅದರ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟಿರುತ್ತಿತ್ತು, ಹತ್ತು ಗಂಟೆಗೆ ಕರಗಿ ಮತ್ತೆ ಹಸಿರು.

"ಅವರದ್ದು ಬರ್ಮುಡಾ, ನಮ್ಮದು ಫೆಸ್ಕ್ಯೂ" ಅಂದ ತಮ್ಮ.

ಎದುರು ಮನೆಯ ಅಂಚಿನಲ್ಲಿ ಬಗ್ಗಿ ನೋಡಿದೆ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹರಿಯುವ ಬಳ್ಳಿ, ತುದಿಯಲ್ಲಿ ಕೋಳಿ ಕಾಲಿನ ಹಾಗೆ ಹರಡಿದ ಒಣಗಿದ ತೆನೆ. ಬರ್ಮುಡಾ ಅಂದರೆ ನಮ್ಮ ಗರಿಕೆ! ತಮ್ಮ ತನ್ನ ಫೆಸ್ಕ್ಯೂ ಒಳಗೆ ಅದು ನುಗ್ಗದಂತೆ ವರ್ಷವಿಡೀ ಕಾವಲು ಕಾಯುತ್ತಾನೆ, ಅಗೆಯುತ್ತಾನೆ, ಔಷಧಿ ಹೊಡೆಯುತ್ತಾನೆ. ಚೌತಿ ಬಂದಾಗ ಮಾತ್ರ ಔಷಧಿ ಬೀಳದ ಇಪ್ಪತ್ತೊಂದು ಎಳೆ ಗರಿಕೆಗಾಗಿ ಬೀದಿ ಕೊನೆಯ ಪಾರ್ಕಿನಲ್ಲಿ ಹುಡುಕುತ್ತಾನಂತೆ. ನಾದಿನಿ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ನಾನು ಊರಿಗೆ ಬಂದು ಅತ್ತೆಗೆ ಈ ಕತೆ ಹೇಳಿದೆ. ಅವರು ನಗಲಿಲ್ಲ. ನಾಲ್ಕು ದಿನ ಬಿಟ್ಟು ನಾನು ಅಂಗಳದ ಗರಿಕೆ ಅಗೆಸಲು ಆಳು ಕರೆದಾಗ, ಜಗಲಿ ಮೇಲೆ ಕೂತವರು "ಗಣಪತಿಗೆ ಏರಿಸೋ ಹುಲ್ಲು ಕಿತ್ತು ಅಮೆರಿಕದ ಹುಲ್ಲು ನೆಡ್ತಾಳಂತೆ" ಅಂತ ಗೋಡೆಗೆ ಹೇಳಿದರು.

ಅಮೆರಿಕದ ಹುಲ್ಲು ಅನ್ನುವುದೂ ಪೂರ್ತಿ ಸರಿಯಲ್ಲ. ಟಾಲ್ ಫೆಸ್ಕ್ಯೂ ಮೂಲದಲ್ಲಿ ಯುರೋಪಿನದು. ಅಮೆರಿಕದಲ್ಲಿ ಅದು ಹೆಸರು ಮಾಡಿದ ಬಗೆ ನನಗೆ ತುಂಬಾ ಇಷ್ಟ. 1931ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಫರ್ಗಸ್ ಎಂಬ ಪ್ರಾಧ್ಯಾಪಕರು ಮೆನಿಫೀ ಕೌಂಟಿಯ ಒಂದು ಬೆಟ್ಟದ ಜಮೀನಿಗೆ ಹೋಗಿದ್ದರು. ಅಲ್ಲಿನ ಇಳಿಜಾರಿನಲ್ಲಿ ಒಂದು ಹುಲ್ಲು ಬರಗಾಲಕ್ಕೂ ಚಳಿಗೂ ಜಗ್ಗದೆ ಹಸಿರಾಗಿ ನಿಂತಿರುತ್ತದೆ ಅಂತ ಸುದ್ದಿ ಇತ್ತು. ಅವರು ಬೀಜ ತಂದು ವರ್ಷಗಟ್ಟಲೆ ಬೆಳೆಸಿ ನೋಡಿದರು. 1943ರಲ್ಲಿ ಅದು 'ಕೆಂಟಕಿ 31' ಅನ್ನುವ ಹೆಸರಿನಲ್ಲಿ ರೈತರ ಕೈಗೆ ಬಂತು. ಆ 31 ಅಂದರೆ ನೋಡಿದ ವರ್ಷ. ಮೊದಲು ಬಂದದ್ದು ದನದ ಮೇವಿಗೆ, ಮಣ್ಣು ಕೊಚ್ಚಿಹೋಗದಂತೆ ಹಿಡಿಯಲಿಕ್ಕೆ. ಅಂಗಳದ ಹುಲ್ಲುಹಾಸಿಗೆ ಸಣ್ಣ ಎಲೆಯ, ಒತ್ತಾಗಿ ಬೆಳೆಯುವ ತಳಿಗಳು ಬಂದದ್ದು ಆಮೇಲೆ. ಬೆಟ್ಟದ ಇಳಿಜಾರು ಅಂತ ಓದಿದಾಗಲೇ ನನಗೆ ಅನ್ನಿಸಿದ್ದು, ಹಾಗಿದ್ದರೆ ಕೊಡಗಿಗೂ ಸರಿಹೋಗಬಹುದಲ್ವಾ ಅಂತ.

ತಮ್ಮ ಬೀಜ ಸೂಟ್‌ಕೇಸಿನಲ್ಲಿ ತರುತ್ತೇನೆ ಅಂದ. ಬೇಡ ಅಂದೆ. ಹೊರದೇಶದ ಬೀಜ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು, ರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ಅದಕ್ಕಿಂತ ಜಾಸ್ತಿ, ನಮ್ಮ ತೋಟದ ಬೇಲಿಯಲ್ಲಿ ಲಂಟಾನ ಇದೆ. ಯಾರೋ ಹೂವು ಚೆನ್ನಾಗಿದೆ ಅಂತ ಎಲ್ಲಿಂದಲೋ ತಂದದ್ದು ಇವತ್ತಿಗೂ ನಾವು ಕಡಿಯುತ್ತಿದ್ದೇವೆ. ಇಲ್ಲಿಯೇ ಆನ್‌ಲೈನ್‌ನಲ್ಲಿ ಫೆಸ್ಕ್ಯೂ ಬೀಜ ಸಿಕ್ಕಿತು. ತರಿಸಿದೆ.

ಮೊದಲ ವರ್ಷ ಮಾಡಿದ ತಪ್ಪು ಕೊಡಗಿನವರು ಮಾತ್ರ ಮಾಡುವ ತಪ್ಪು. ನಾವು ಏನು ನೆಡುವುದಿದ್ದರೂ ಮಳೆ ಹಿಡಿದ ಮೇಲೆ ನೆಡುತ್ತೇವೆ. ಕಾಫಿ ಗಿಡ, ಮೆಣಸಿನ ಬಳ್ಳಿ, ಸಿಲ್ವರ್ ಓಕ್, ಎಲ್ಲ ಜೂನ್‌ಗೆ. ನಾನೂ ಜೂನ್ ಎರಡನೇ ವಾರ ನೆಲ ಅಗೆಸಿ ಬೀಜ ಚೆಲ್ಲಿದೆ. ಐದನೇ ದಿನ ಹಿಡಿದ ಮಳೆ ಒಂಬತ್ತು ದಿನ ಬಿಡಲಿಲ್ಲ. ಅಂಗಳದಲ್ಲಿ ಉಳಿದದ್ದು ಕೆಂಪು ಮಣ್ಣು ಮತ್ತು ಸಣ್ಣ ಕಲ್ಲು. ಆಗಸ್ಟ್‌ನಲ್ಲಿ ಗೇಟಿನ ಹೊರಗೆ, ಚರಂಡಿಯ ಬಾಯಲ್ಲಿ ಹೂಳು ನಿಂತ ಕಡೆ ಒಂದು ಮಾರು ಉದ್ದ ದಟ್ಟ ಫೆಸ್ಕ್ಯೂ ಎದ್ದಿತ್ತು. ಅಷ್ಟು ಒಳ್ಳೆಯ ಲಾನ್ ಆಮೇಲೆ ನಾನು ಬೆಳೆದೇ ಇಲ್ಲ. ಬೀದಿಯಲ್ಲಿ ಹೋಗುವವರ ಆಡು ಅದನ್ನು ಮೇಯ್ದು ಮುಗಿಸಿತು.

ತಮ್ಮನಿಗೆ ಫೋನ್ ಮಾಡಿದೆ. "ಅಕ್ಕ, ಅದು ಚಳಿಗಾಲದ ಹುಲ್ಲು. ನಾವು ಸೆಪ್ಟೆಂಬರ್‌ನಲ್ಲಿ ಬಿತ್ತೋದು" ಅಂದ. ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಇನ್ನೂ ಕೊಡೆ ಮಡಚಿರುವುದಿಲ್ಲ. ಅವನ ತಿಂಗಳ ಹೆಸರು ನನಗೆ ಉಪಯೋಗ ಇಲ್ಲ ಅಂತ ಅವತ್ತು ಗೊತ್ತಾಯಿತು. ತಿಂಗಳು ಬಿಟ್ಟು ಹುಲ್ಲಿಗೆ ಏನು ಬೇಕು ಅಂತ ಕೇಳಬೇಕಿತ್ತು.

ಹುಲ್ಲಿಗೆ ಬೇಕಾದದ್ದು ಇಷ್ಟು. ಎಲೆ ಚೆನ್ನಾಗಿ ಬೆಳೆಯುವುದು ಸುಮಾರು 15ರಿಂದ 24 ಡಿಗ್ರಿಯ ಒಳಗೆ. ಬೇರಿಗೆ ಅದಕ್ಕಿಂತಲೂ ತಂಪು ಇಷ್ಟ. ಗರಿಕೆ, ರಾಗಿ, ಜೋಳ, ಕಬ್ಬು ಇವೆಲ್ಲ ಬಿಸಿಲಿನಲ್ಲಿ ಊಟ ತಯಾರಿಸಲು ಬೇರೆಯೇ ಒಂದು ಒಳದಾರಿ ಮಾಡಿಕೊಂಡಿವೆ. ಬಿಸಿಲು ಹೆಚ್ಚಿದಷ್ಟೂ ಅವಕ್ಕೆ ಹುಮ್ಮಸ್ಸು. ಫೆಸ್ಕ್ಯೂಗೆ ಆ ಒಳದಾರಿ ಇಲ್ಲ. ಬಿಸಿ ಏರಿದಂತೆ ಅದು ತಯಾರಿಸಿದ ಆಹಾರದಲ್ಲಿ ಒಂದು ಪಾಲು ಅಲ್ಲೇ ಪೋಲಾಗುತ್ತದೆ. ರಾತ್ರಿಯೂ ಬೆಚ್ಚಗಿದ್ದರೆ ಉಸಿರಾಟದಲ್ಲಿ ಇನ್ನಷ್ಟು ಖರ್ಚು. ಹಗಲು ದುಡಿದದ್ದು ರಾತ್ರಿ ಕರಗುವ ಮನೆ. ಕೂಡಿಟ್ಟದ್ದು ಮುಗಿಯುತ್ತಾ ಬಂದ ಹಾಗೆ ಬೇರು ಕುಗ್ಗುತ್ತದೆ. ಬಿಸಿಲ ನಾಡಿನಲ್ಲಿ ಫೆಸ್ಕ್ಯೂ ಸಾಯುವುದು ಬಿಸಿಲಿಗೆ ಸುಟ್ಟು ಅಲ್ಲ, ಹಸಿದು.

ಹಾಗಾಗಿ ನಾನು ಅಂಗಳದ ಕಂಬಕ್ಕೆ ಒಂದು ಥರ್ಮಾಮೀಟರ್ ನೇತುಹಾಕಿ, ರಾತ್ರಿಯ ಲೆಕ್ಕ ಬರೆಯಲು ಶುರು ಮಾಡಿದೆ. ನಮ್ಮನೆಯವರು ಅದನ್ನು ನೋಡಿ ಸುಮ್ನೆ ತಲೆ ಅಲ್ಲಾಡಿಸಿದರು. ಆದರೆ ಲೆಕ್ಕ ಒಳ್ಳೆಯದೇ ಇತ್ತು. ಏಪ್ರಿಲ್‌ನಲ್ಲಿ ನಮ್ಮ ಅಂಗಳದಲ್ಲಿ ಹಗಲು 31, 32. ರಾತ್ರಿ ಹೆಚ್ಚಿನ ದಿನ 19, 20. ರಾಲಿಯಲ್ಲಿ ಜುಲೈ ತಿಂಗಳ ಹಗಲೂ ಸುಮಾರು 32, ಆದರೆ ರಾತ್ರಿ 21ರ ಮೇಲೆ. ಅಂದರೆ ನಮ್ಮ ಬೇಸಿಗೆ ತಮ್ಮನ ಬೇಸಿಗೆಗಿಂತ ಸುಲಭ. ಮಡಿಕೇರಿ ಇನ್ನೂ ಎತ್ತರ, 1150 ಮೀಟರ್ ಹತ್ತಿರ, ಅಲ್ಲಿ ಇನ್ನೂ ತಂಪು. ಕೆಳಗೆ 830 ಮೀಟರಿನ ಕುಶಾಲನಗರದಲ್ಲಾದರೆ ನಾನು ಈ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ.

ಹಾಗಿದ್ದರೆ ತೊಂದರೆ ಏನು? ತಮ್ಮನ ಹುಲ್ಲಿಗೆ ಬೇಸಿಗೆ ಮುಗಿದ ಕೂಡಲೇ ತಂಪು ಬಿಸಿಲು ಸಿಗುತ್ತದೆ. ಕುಗ್ಗಿದ ಬೇರು ಮತ್ತೆ ಇಳಿಯುತ್ತದೆ. ನಮ್ಮ ಹುಲ್ಲಿಗೆ ಬೇಸಿಗೆ ಮುಗಿದ ಕೂಡಲೇ ಸಿಗುವುದು ನಾಲ್ಕು ತಿಂಗಳು ಮಳೆ, ಮೋಡ. ಹಸಿದು ಬಂದವನನ್ನು ಕತ್ತಲೆ ಕೋಣೆಗೆ ಕೂಡಿಹಾಕಿದ ಹಾಗೆ. ಓದಿದ ಕಡೆಯೆಲ್ಲ ಬೇಸಿಗೆ ದಾಟಿಸುವ ಉಪಾಯಗಳೇ ಇದ್ದವು. ನಮ್ಮ ಜಡಿಮಳೆಯ ತಿಂಗಳು ಕಕ್ಕಡ ದಾಟಿಸುವ ಉಪಾಯ ಯಾರೂ ಬರೆದಿರಲಿಲ್ಲ, ಬರೆಯಲು ಅವರ ಊರಿನಲ್ಲಿ ಕಕ್ಕಡವೇ ಇಲ್ಲ.

ಎರಡನೇ ವರ್ಷ ಕಾವೇರಿ ಸಂಕ್ರಮಣ ಕಳೆಯಲಿ ಅಂತ ಕಾದೆ. ಅಕ್ಟೋಬರ್ 17 ದಾಟಿದರೆ ಹಗಲು ಬಿಸಿಲು, ರಾತ್ರಿ ತಂಪು. ಸಂಜೆ ಹೊತ್ತು ಗುಡುಗಿನ ಮಳೆ ಬರುತ್ತದೆ, ಆದರೆ ಜೂನ್ ಹಾಗೆ ಅಲ್ಲ. ತೋಟದ ಮಣ್ಣು ಪರೀಕ್ಷೆಗೆ ಹೋಗುವಾಗ ಅಂಗಳದ ಮಣ್ಣನ್ನೂ ಒಂದು ಪೊಟ್ಟಣ ಸೇರಿಸಿದ್ದೆ. ಪಿಎಚ್ 5.2 ಬಂತು. ಇಷ್ಟು ಮಳೆ ಬೀಳುವ ಊರಿನಲ್ಲಿ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ, ಕಾಫಿಯವರಿಗೆ ಇದು ಹೊಸದಲ್ಲ. ಫೆಸ್ಕ್ಯೂಗೆ 6ರ ಮೇಲೆ, ಆರೂವರೆಯ ಆಸುಪಾಸು ಇದ್ದರೆ ಖುಷಿ. ತೋಟಕ್ಕೆ ತಂದ ಕೃಷಿ ಸುಣ್ಣದಲ್ಲೇ ಸ್ವಲ್ಪ ತೆಗೆದು ಬಿತ್ತನೆಗೆ ಮೊದಲೇ ಮಣ್ಣಿಗೆ ಬೆರೆಸಿದೆ. ಮನೆ ಕಟ್ಟುವಾಗ ಲಾರಿ ಓಡಾಡಿ ನೆಲ ಕಲ್ಲಾಗಿತ್ತು. ಅದನ್ನು ಅರ್ಧ ಅಡಿ ಅಗೆಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ, ಅಂಗಳದಿಂದ ಚರಂಡಿ ಕಡೆಗೆ ನೀರು ಹರಿಯುವಷ್ಟು ಓಟ ಕೊಟ್ಟೆ.

ಬೀಜದ ವಿಷಯ. ಆ ಸಲ ಬೀಜ ಬಂದಾಗ ಐವತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಎರಡು ವಾರದಲ್ಲಿ ಮೊಳೆತದ್ದು ಮೂವತ್ತೊಂದು. ಮಾರಿದವರು ಪ್ಯಾಕೆಟ್ ಮೇಲೆ ಬರೆದ ಲೆಕ್ಕವೇ ಬೇರೆ. ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೋಗಲಿ, ಕಡಿಮೆ ಮೊಳಕೆ ಅಂತ ಮೊದಲೇ ಗೊತ್ತಿದ್ದರೆ ಬೀಜ ಜಾಸ್ತಿ ಹಾಕಬಹುದು. ಒಳ್ಳೆಯ ಬೀಜವಾದರೆ ಒಂದು ಚದರ ಮೀಟರಿಗೆ 30ರಿಂದ 40 ಗ್ರಾಂ ಸಾಕು, ಅಂದರೆ ಸೆಂಟ್ಸಿಗೆ ಸುಮಾರು ಒಂದೂವರೆ ಕೆಜಿ. ಗ್ರಾಮಿಗೆ ಸುಮಾರು 500 ಕಾಳು. ಇದು ಗರಿಕೆಯ ಹಾಗೆ ಹರಿದು ಜಾಗ ತುಂಬುವ ಹುಲ್ಲಲ್ಲ. ಭತ್ತದ ಬುಡದ ಹಾಗೆ ಅಲ್ಲಲ್ಲೇ ತೆಂಡೆ ಒಡೆಯುತ್ತದೆ ಅಷ್ಟೆ. ಬೀಜ ಬೀಳದ ಕಡೆ ಖಾಲಿಯೇ.

ಅಮೆರಿಕದಲ್ಲಿ ಬೀಜದ ಮೇಲೆ ಒಣಹುಲ್ಲು ಹರಡುತ್ತಾರೆ. ನಾನೂ ಗದ್ದೆಯ ಬೈಹುಲ್ಲು ಹರಡಿ ನೋಡಿದ್ದೆ, ಅದರಲ್ಲಿ ಉಳಿದಿದ್ದ ಭತ್ತವೆಲ್ಲ ಮೊಳೆತು ಲಾನ್ ಮಧ್ಯೆ ಸಸಿಮಡಿ ಎದ್ದಿತು. ಅದನ್ನು ಕಿತ್ತದ್ದು ಒಂದು ವಾರ. ಆಮೇಲೆ ಹೊಳೆದದ್ದು ಕಾಫಿ ಗೋಣಿ. ಹಳೇ ಗೋಣಿಚೀಲ ಬಿಚ್ಚಿ ಅಗಲ ಮಾಡಿ, ಬೀಜದ ಮೇಲೆ ಹಾಸಿ, ಮೂಲೆಗೆ ಕಲ್ಲಿಟ್ಟು, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆ. ಸಂಜೆ ಮಳೆ ಬಂದರೂ ಬೀಜ ಕದಲಲಿಲ್ಲ. ಇರುವೆ, ಹಕ್ಕಿ ಕಾಟವೂ ತಪ್ಪಿತು. ಒಂಬತ್ತನೇ ದಿನ ಬೆಳಿಗ್ಗೆ ಒಂದು ಮೂಲೆ ಎತ್ತಿ ನೋಡಿದರೆ ಗೋಣಿಯ ನೂಲಿನ ಸಂದಿಗೆ ಹಳದಿ-ಹಸಿರು ಸೂಜಿಗಳು ತೂರಿಕೊಂಡಿದ್ದವು. ಒಂದೊಂದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ನೀರಿನ ಮಣಿ. ಅವತ್ತೇ ಗೋಣಿ ತೆಗೆಯಬೇಕು. ಒಂದು ದಿನ ತಡವಾದರೂ ಗೋಣಿಯ ಜೊತೆ ಸಸಿಯೂ ಕಿತ್ತು ಬರುತ್ತದೆ. ಪಶ್ಚಿಮದ ಮೂಲೆಯಲ್ಲಿ ನನಗೆ ಹಾಗೇ ಆಯಿತು.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಲಾನ್ ತುಂಬಿತು. ಡಿಸೆಂಬರ್, ಜನವರಿ ಅದರ ರಾಜಕಾಲ. ರಾತ್ರಿ ಹದಿಮೂರು ಡಿಗ್ರಿಗೆ ಇಳಿದರೆ ಗರಿಕೆ ಮಂಕಾಗುತ್ತದೆ, ಇದು ಇನ್ನಷ್ಟು ಕಪ್ಪು ಹಸಿರಾಗುತ್ತದೆ. ಎಲೆಯನ್ನು ತುದಿಯಿಂದ ಬುಡದ ಕಡೆಗೆ ಬೆರಳಲ್ಲಿ ಸವರಿದರೆ ಅಂಚು ಸಣ್ಣ ಗರಗಸದ ಹಾಗೆ ತಡೆಯುತ್ತದೆ. ಬರಿಗಾಲಲ್ಲಿ ನಡೆದರೆ ಮಾತ್ರ ಮೆತ್ತಗೆ. ಅತ್ತೆ ಯಾರಿಗೂ ಹೇಳದೆ ಸಂಜೆ ಅದರ ಮೇಲೆ ಎರಡು ಸುತ್ತು ಹಾಕುತ್ತಿದ್ದರು. ನಾನು ಕಿಟಕಿಯಿಂದ ನೋಡಿದ್ದೇನೆ.

ಆಮೇಲೆ ಫೆಬ್ರವರಿಯಲ್ಲಿ ವೀಡ್ ಕಟ್ಟರ್ ಬಂತು.

ಹೋಂಸ್ಟೇಗೆ ಅತಿಥಿಗಳು ಬರುವವರಿದ್ದರು. ನಾನು ಕುಶಾಲನಗರಕ್ಕೆ ಹೋಗಿದ್ದೆ. ತೋಟದ ಕಳೆ ಹೊಡೆಯುವ ಹುಡುಗ ಅಂಗಳವನ್ನೂ ನೀಟು ಮಾಡಿಬಿಡೋಣ ಅಂತ ಬುಡಕ್ಕೆ ಒಂದು ಇಂಚು ಬಿಟ್ಟು ಎಲ್ಲ ಹಾರಿಸಿದ್ದ. ನಿಜಕ್ಕೂ ನೀಟಾಗಿತ್ತು, ಕ್ಷೌರ ಮಾಡಿಸಿದ ತಲೆಯ ಹಾಗೆ. ಹತ್ತು ದಿನದಲ್ಲಿ ಹುಲ್ಲಿನ ಬಣ್ಣ ಹೋಯಿತು. ಫೆಸ್ಕ್ಯೂವನ್ನು ಮೂರರಿಂದ ನಾಲ್ಕು ಇಂಚು ಎತ್ತರ ಬಿಡಬೇಕು, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಎಲೆ ಮೇಲೆ ಎಷ್ಟು ಇದೆಯೋ ಅಷ್ಟು ಬೇರಿಗೆ ಊಟ. ಉದ್ದ ಎಲೆ ನೆಲಕ್ಕೆ ನೆರಳೂ ಆಗುತ್ತದೆ. ಅವನಿಗೆ ಇದನ್ನು ಹೇಳಿರಲಿಲ್ಲ, ತಪ್ಪು ನನ್ನದೇ. ನಾನು ಗುದ್ದಲಿ ತಂದು ಒಂದು ಕಡೆ ಅಗೆದು ನೋಡಿದೆ. ಕತ್ತರಿಸದೆ ಉಳಿದ ಅಂಚಿನ ಬುಡದಲ್ಲಿ ಬಿಳಿ ಬೇರು ಒಂದು ಅಡಿ ದಾಟಿತ್ತು. ಬೋಳಿಸಿದ ಕಡೆ ಒಂದು ಗೇಣೂ ಇರಲಿಲ್ಲ, ಅದೂ ಕಂದು. ಒಳ್ಳೆಯ ಮಣ್ಣಿನಲ್ಲಿ ಈ ಬೇರು ಎರಡು ಮೂರು ಅಡಿ ಇಳಿಯುತ್ತದೆ. ಬರಗಾಲ ತಡೆಯುವ ಹುಲ್ಲು ಅನ್ನುವ ಹೆಸರು ಬಂದದ್ದು ಅದರಿಂದಲೇ. ಬೇರಿಲ್ಲದ ಫೆಸ್ಕ್ಯೂ ಬರೀ ಹೆಸರಿಗೆ ಫೆಸ್ಕ್ಯೂ.

ಇನ್ನು ನೀರು. ಬಿಸಿಲು ಕಾಲದಲ್ಲಿ ವಾರಕ್ಕೆ ಒಂದು ಇಂಚು ನೀರು ಬೇಕು ಅನ್ನುತ್ತಾರೆ. ಕೇಳಲು ಸಣ್ಣದು, ಅಲ್ವಾ? ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಅದರ ಮೇಲೆ ಒಂದು ಇಂಚು ನೀರು ಅಂದರೆ 1000 ಲೀಟರ್. ನನ್ನ ಲಾನ್ ಮೂರು ಸೆಂಟ್ಸ್. ವಾರಕ್ಕೆ 3000 ಲೀಟರ್, ಮಾರ್ಚ್ ತಿಂಗಳಲ್ಲಿ, ಕಾಫಿ ಹೂ ಬಿಡಿಸುವ ಹೂಮಳೆ ಬಾರದೆ ಎಲ್ಲರೂ ಆಕಾಶ ನೋಡುತ್ತಿರುವಾಗ. ಕೆರೆಯ ನೀರನ್ನು ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಇಟ್ಟು ಹೂ ಬಿಡಿಸಲು ಲೆಕ್ಕ ಹಾಕಿ ಬಳಸುವ ಮನೆಯಲ್ಲಿ ನಾನು ಹುಲ್ಲಿಗೆ ನೀರು ಕೇಳಬೇಕಿತ್ತು. ನಮ್ಮನೆಯವರು ಇಲ್ಲ ಅನ್ನಲಿಲ್ಲ. ಮಾತೂ ಆಡಲಿಲ್ಲ. ನಾನೇ ಎರಡು ವಾರದಲ್ಲಿ ನಿಲ್ಲಿಸಿ, ಬಟ್ಟೆ ಒಗೆದ ನೀರಿಗೆ ಬಂದೆ, ಅದೂ ಸಾಲಲಿಲ್ಲ.

ಇಷ್ಟರಲ್ಲಿ ಕಲಿತದ್ದು, ದಿನಾ ಸ್ವಲ್ಪ ಸ್ವಲ್ಪ ಎರಚುವುದಕ್ಕಿಂತ ವಾರಕ್ಕೆ ಒಂದೋ ಎರಡೋ ಸಲ ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಎಷ್ಟು ಬಿತ್ತು ಅಂತ ತಿಳಿಯಲು ಖಾಲಿ ಡಬ್ಬಿ ನಾಲ್ಕು ಕಡೆ ಇಟ್ಟು ಸ್ಕೇಲಿನಲ್ಲಿ ಅಳೆದರೆ ಸಾಕು. ಹುಲ್ಲಿಗೆ ಬಾಯಾರಿದೆ ಅಂತ ಗೊತ್ತಾಗಲು ಉಪಕರಣ ಬೇಡ. ಬಣ್ಣ ಸ್ವಲ್ಪ ನೀಲಿ ಬೂದಿಗೆ ತಿರುಗುತ್ತದೆ, ಮೇಲೆ ನಡೆದರೆ ಹೆಜ್ಜೆ ಗುರುತು ಮೇಲೇಳದೆ ಹಾಗೇ ಉಳಿಯುತ್ತದೆ. ನೀರು ಹಾಕುವುದು ಬೆಳಗಿನ ಜಾವಕ್ಕೆ. ಸಂಜೆ ಬೇಡವೇ ಬೇಡ. ಯಾಕೆ ಅಂತ ನನಗೆ ಮೇ ತಿಂಗಳು ತೋರಿಸಿತು.

ಕಾಫಿಗೆ ಹೂವಾದ ಮೇಲಿನ ಗೊಬ್ಬರ ಹಾಕುವ ಕೆಲಸ ನಡೆದಿತ್ತು. ಚೀಲದಲ್ಲಿ ಸ್ವಲ್ಪ ಯೂರಿಯಾ ಉಳಿದಿತ್ತು. ಪಾಪ, ನಮ್ಮನೆಯವರು ನೀರಿನ ವಿಷಯದ ಬೇಜಾರು ಕಳೆಯಲಿ ಅಂತಲೋ ಏನೋ, "ನಿನ್ನ ಹುಲ್ಲು ಸೊರಗಿದೆ" ಅಂತ ಎರಡು ಹಿಡಿ ಎರಚಿದರು. ಮರುದಿನ ಒಳ್ಳೆ ಮಳೆ. ವಾರದಲ್ಲಿ ಹುಲ್ಲು ಎಳೆ ಹಸಿರಾಗಿ ಮೇಲೆದ್ದಿತು. ನಾನೂ ಹಿಗ್ಗಿದೆ. ಆಮೇಲೆ ಮೋಡ ಕವಿದ ನಾಲ್ಕು ದಿನ, ರಾತ್ರಿ 21 ಡಿಗ್ರಿ, ಎಲೆ ಆರುವುದೇ ಇಲ್ಲ. ಐದನೇ ದಿನ ಬೆಳಿಗ್ಗೆ ಆರಕ್ಕೆ ಹೊರಗೆ ಬಂದರೆ ಲಾನ್ ಮಧ್ಯೆ ಜೇಡರ ಬಲೆಯಂಥ ಬಿಳಿ ನೂಲು. ಬಿಸಿಲು ಬಿದ್ದ ಕೂಡಲೇ ಅದು ಮಾಯ. ಕೆಳಗೆ ಮೊರದಷ್ಟು ಅಗಲ ಒಣಗಿದ ವೃತ್ತ. ಎಲೆ ಕಿತ್ತು ನೋಡಿದರೆ ಬಿಸ್ಕತ್ತಿನ ಬಣ್ಣದ ಮಚ್ಚೆ, ಸುತ್ತ ಕಾಫಿಪುಡಿ ಬಣ್ಣದ ತೆಳ್ಳನೆ ಗೆರೆ. ಮೊಬೈಲಿನಲ್ಲಿ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. "ಬ್ರೌನ್ ಪ್ಯಾಚ್. ಯೂರಿಯಾ ಏನಾದ್ರೂ ಹಾಕಿದ್ರಾ?" ಅಂತ ಬಂತು ಉತ್ತರ. ಅವನ ಕಡೆ ಫೆಸ್ಕ್ಯೂ ಬೆಳೆಸುವವರೆಲ್ಲ ಹೆದರುವ ರೋಗ ಅದು, ರೈಜೋಕ್ಟೋನಿಯಾ ಎಂಬ ಶಿಲೀಂಧ್ರದ್ದು. ರಾತ್ರಿ 20 ಡಿಗ್ರಿ ದಾಟಿ, ಎಲೆ ಹತ್ತು ಗಂಟೆಗಿಂತ ಜಾಸ್ತಿ ಒದ್ದೆ ಇದ್ದರೆ ಅದಕ್ಕೆ ಹಬ್ಬ. ಸಾರಜನಕ ತಿಂದು ಮೆತ್ತಗಾದ ಎಲೆ ಹಬ್ಬದೂಟ. ಆ ಕಡೆ ಗೊಬ್ಬರವೆಲ್ಲ ತಂಪು ಕಾಲಕ್ಕೇ ಹಾಕುತ್ತಾರೆ. ನಮ್ಮ ಲೆಕ್ಕಕ್ಕೆ ನವೆಂಬರ್‌ನಿಂದ ಜನವರಿ. ಬಿಸಿ ಶುರುವಾದ ಮೇಲೆ ಹುಲ್ಲು ಸೊರಗಿ ಕಂಡರೂ ಕೈ ಕಟ್ಟಿ ಕೂರಬೇಕು.

ಪಕ್ಕದ ತೋಟದವರು ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ಅದರಲ್ಲಿರುವ ಮೈಲುತುತ್ತ ಹುಲ್ಲಿನ ಎಲೆಯನ್ನೇ ಸುಡಬಹುದು ಅಂತ ನಾನು ಹೊಡೆಯಲಿಲ್ಲ. ಬೆಳಿಗ್ಗೆ ಉದ್ದ ಬಿದಿರು ಕೋಲಿನಿಂದ ಇಬ್ಬನಿ ಕೊಡವಿದೆ ಅಷ್ಟೆ. ರೋಗ ಎಲೆಯದು, ಬುಡ ಬದುಕಿದ್ದರೆ ತಂಪು ಬಂದಾಗ ಚಿಗುರುತ್ತದೆ ಅನ್ನುವ ನಂಬಿಕೆ. ಅಲ್ಲಿ ತಂಪಿನ ಜೊತೆ ಬಿಸಿಲೂ ಬರುತ್ತದೆ. ಇಲ್ಲಿ ಬಂದದ್ದು ಜೂನ್.

ಮಳೆಗಾಲದ ಬಗ್ಗೆ ಜಾಸ್ತಿ ಬರೆಯುವ ಮನಸ್ಸಿಲ್ಲ. ಒದ್ದೆ ಹುಲ್ಲು ಕತ್ತರಿಸಲಾಗದೆ ಅದು ಉದ್ದವಾಗಿ ಮಲಗಿತು, ಮಲಗಿದ್ದು ಕೊಳೆಯಿತು, ಕೊಳೆತ ಜಾಗಕ್ಕೆ ಹಾವಸೆ ಬಂತು. ಜಿಗಣೆ ಹತ್ತಿದೆ ಅಂತ ಬೆಂಗಳೂರಿನ ಅತಿಥಿಯೊಬ್ಬರು ರಾತ್ರಿ ಹನ್ನೊಂದಕ್ಕೆ ನಮ್ಮ ಬಾಗಿಲು ಬಡಿದರು. ಸೆಪ್ಟೆಂಬರ್‌ನಲ್ಲಿ ಮಳೆ ಸಡಿಲಿದಾಗ ಮೂರರಲ್ಲಿ ಎರಡು ಸೆಂಟ್ಸ್ ಖಾಲಿ. ಉಳಿದ ಒಂದು ಸೆಂಟ್ಸ್ ಎಲ್ಲಿ ಅಂತ ನೋಡಿದರೆ ಮನೆಯ ಪೂರ್ವದ ಬದಿ. ಬೆಳಗಿನ ಬಿಸಿಲು ಬೇಗ ಬಿದ್ದು ಎಲೆ ಬೇಗ ಆರುವ ಜಾಗ. ಮಧ್ಯಾಹ್ನ ಎರಡರ ಮೇಲೆ ಗೋಡೆಯ ನೆರಳು. ಓಟ ಚೆನ್ನಾಗಿದ್ದು ನೀರು ನಿಲ್ಲದ ಜಾಗ. ನಾನು ನಕ್ಷೆ ಬರೆದು ಆರಿಸಿದ್ದಲ್ಲ, ಹುಲ್ಲೇ ಆರಿಸಿಕೊಂಡಿತ್ತು.

ಅವತ್ತೇ ಮೂರು ಸೆಂಟ್ಸಿನ ಆಸೆ ಬಿಟ್ಟೆ. ಉಳಿದ ಎರಡರಲ್ಲಿ ಗರಿಕೆ ಯಾರೂ ಕರೆಯದೆ ವಾಪಸ್ ಬಂತು, ಈಗ ಅದನ್ನೇ ಕತ್ತರಿಸಿ ಇಟ್ಟುಕೊಂಡಿದ್ದೇವೆ. ಅತ್ತೆ ಏನೂ ಹೇಳಲಿಲ್ಲ. ಚೌತಿಯ ಬೆಳಿಗ್ಗೆ ಅಲ್ಲೇ ಬಗ್ಗಿ ಗರಿಕೆ ಕಿತ್ತರು, ನನಗೆ ಕಾಣುವ ಹಾಗೆ.

ಪೂರ್ವದ ಬದಿಯ ಒಂದು ಸೆಂಟ್ಸಿಗೆ ಮಾತ್ರ ಪ್ರತಿ ವರ್ಷ ತುಲಾ ಮಾಸದಲ್ಲಿ ಬೀಜ ಹಾಕುತ್ತೇನೆ. ಹಾವಸೆ ಕೆರೆದು, ನೆಲ ಗೀರಿ, ಹಳೇ ಬುಡದ ನಡುವೆ ಅರ್ಧ ಪ್ರಮಾಣದ ಬೀಜ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ಲಾನ್ ಅಂದರೆ ಒಮ್ಮೆ ಮಾಡಿ ಮುಗಿಸುವ ಕೆಲಸ ಅಂದುಕೊಂಡಿದ್ದೆ, ಅಂಗಳಕ್ಕೆ ಟೈಲ್ಸ್ ಹಾಕಿದ ಹಾಗೆ. ತಮ್ಮನೂ ಪ್ರತಿ ಸೆಪ್ಟೆಂಬರ್‌ನಲ್ಲಿ ಬೀಜ ಹಾಕುತ್ತಾನೆ ಅಂತ ಅವನು ಮೊದಲೇ ಹೇಳಿದ್ದ. ಕೇಳಿಸಿಕೊಂಡಿರಲಿಲ್ಲ. ಬಿಸಿಲ ನಾಡಿನಲ್ಲಿ ಫೆಸ್ಕ್ಯೂ ಕಾಫಿ ತೋಟದ ಜಾತಿಯದ್ದಲ್ಲ, ಗದ್ದೆಯ ಜಾತಿಯದು. ಪ್ರತಿ ವರ್ಷ ಇಳಿಯಬೇಕು.

ಹಾಗಂತ ಶತ್ರುಗಳು ಕಡಿಮೆಯಾಗಿಲ್ಲ. ಹೋದ ನವೆಂಬರ್‌ನಲ್ಲಿ ಒಂದು ರಾತ್ರಿ ಕಾಡುಹಂದಿ ಬಂತು. ಗೊಬ್ಬರ ಹಾಕಿದ ಮೆತ್ತನೆ ನೆಲದಲ್ಲಿ ಎರೆಹುಳು, ಗೊಣ್ಣೆಹುಳು ತುಂಬಿರುತ್ತವೆ. ಬೆಳಿಗ್ಗೆ ನೋಡಿದರೆ ಯಾರೋ ನೇಗಿಲು ಹೊಡೆದ ಹಾಗಿತ್ತು. ಹುಲ್ಲಿನ ಹೆಂಟೆಗಳನ್ನು ತಿರುಗಿಸಿ ವಾಪಸ್ ಕೂರಿಸಿ, ಕಾಲಲ್ಲಿ ತುಳಿದು ನೀರು ಹಾಕಿದೆ. ಅರ್ಧ ಬದುಕಿತು.

ಈಗ ಹಸುವಿನ ವಿಷಯ. ಕೆಂಟಕಿ 31 ಹಬ್ಬಿದ ಕಡೆಯೆಲ್ಲ ದನಗಳಿಗೆ ಏನೋ ಆಗುತ್ತಿತ್ತು. ಮೇವು ಸಮೃದ್ಧ, ಆದರೆ ಹಾಲು ಕಡಿಮೆ, ಬಿಸಿಲಿಗೆ ಏದುಸಿರು, ಚಳಿಯಲ್ಲಿ ಗೊರಸು, ಬಾಲದ ತುದಿ ಕೊಳೆಯುವುದು. ಕಾರಣ ತಿಳಿದದ್ದು 1970ರ ದಶಕದಲ್ಲಿ. ಹುಲ್ಲಿನ ಒಳಗೇ ಒಂದು ಶಿಲೀಂಧ್ರ ಬದುಕುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಬೀಜದಲ್ಲೇ ಮುಂದಿನ ಪೀಳಿಗೆಗೆ ಹೋಗುತ್ತದೆ. ಅದು ತಯಾರಿಸುವ ಕೆಲವು ವಿಷಗಳು ಹುಳುಗಳನ್ನು ದೂರ ಇಡುತ್ತವೆ, ಶಿಲೀಂಧ್ರ ಹುಲ್ಲಿಗೆ ಗಟ್ಟಿತನವನ್ನೂ ಕೊಡುತ್ತದೆ. ಅದೇ ಶಿಲೀಂಧ್ರದ ಬೇರೆ ವಿಷ ದನದ ರಕ್ತನಾಳ ಬಿಗಿಯುತ್ತದೆ. ಲಾನಿಗೆ ಮಾರುವ ಬೀಜದಲ್ಲಿ ಈ ಶಿಲೀಂಧ್ರ ಇರಲಿ ಅಂತಲೇ ಬಯಸುತ್ತಾರೆ, ಹುಳು ಕಡಿಮೆಯಾಗುತ್ತದಲ್ಲ. ಮೇವಿಗೆ ಅದಿಲ್ಲದ, ಅಥವಾ ದನಕ್ಕೆ ತೊಂದರೆ ಕೊಡದ ಬಗೆಯ ಶಿಲೀಂಧ್ರ ಇರುವ ಬೀಜ ಬೇರೆ ಸಿಗುತ್ತದೆ. ನನ್ನ ಪ್ಯಾಕೆಟ್ ಮೇಲೆ ಇದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಚರಂಡಿಯ ಫೆಸ್ಕ್ಯೂ ತಿಂದ ಆಡಿಗೆ ಏನೂ ಆಗಲಿಲ್ಲ, ತಿಂದದ್ದು ಒಂದೇ ಹೊತ್ತು. ಗಬ್ಬದ ಹಸುವಿಗೆ ದಿನಾ ಹಾಕುವುದು ಬೇರೆ ಮಾತು.

ಇದನ್ನೆಲ್ಲ ಅವಳಿಗೆ ಹೇಳಬೇಕು ಅಂತ ಮಾರನೇ ದಿನ ಲೈನ್‌ಮನೆ ಹತ್ತಿರ ಹೋದೆ. ಅವಳು ಹಸುವಿನ ಮೈ ತಿಕ್ಕುತ್ತಿದ್ದಳು. ಹುಲ್ಲಿನೊಳಗೆ ಕಣ್ಣಿಗೆ ಕಾಣದ ಬೂಷ್ಟು ಇರುತ್ತೆ, ದನದ ಕಾಲಿಗೆ ಬರುತ್ತೆ ಅಂತ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಮತ್ತೆ ನೀವು ಬರಿಗಾಲಲ್ಲಿ ನಡೀತೀರಲ್ಲಕ್ಕ?"

"ನಾನು ತಿನ್ನಲ್ವಲ್ಲ" ಅಂದೆ.

ಅವಳಿಗೆ ನಗು ಬಂತು. ಗರಿಕೆ ಕಡೆಯ ಎರಡು ಸೆಂಟ್ಸ್ ಕತ್ತರಿಸಿದ್ದು ಬೇಕಾದರೆ ತಗೋ ಅಂದೆ. ಈಗ ಹದಿನೈದು ದಿನಕ್ಕೊಮ್ಮೆ ಅವಳೇ ಕತ್ತಿ ತಂದು ಗರಿಕೆ ಕೊಯ್ದುಕೊಂಡು ಹೋಗುತ್ತಾಳೆ. ಫೆಸ್ಕ್ಯೂ ಅಂಚಿಗೆ ಬಂದಾಗ ಅದನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಾಳೆ. ಹೆದರಿಕೆಯೋ, ಮರ್ಯಾದೆಯೋ ಕೇಳಿಲ್ಲ. ಹಸು ಹೆಣ್ಣು ಕರು ಹಾಕಿದೆ.